ಹಣ ಕೊಡದವರ ಕೆಟ್ಟ ಫೀಡ್‌ಬ್ಯಾಕ್‌ನಿಂದ ಇಬೇ ಮಾರಾಟಗಾರರು ರಕ್ಷಣೆ ಪಡೆಯುವ ಕ್ರಮ

ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯ ಹರಾಜಿನಲ್ಲಿ ಗೆದ್ದ ಮೇಲೆ ಹಣವನ್ನೇ ಕಟ್ಟದವರು, ಮಾರಾಟಗಾರರು ವಿಚಾರಿಸಿದರೆಂಬ ಸಿಟ್ಟಿಗೆ ಅವರ ಮೇಲೆಯೇ ಕೆಟ್ಟ ಫೀಡ್‌ಬ್ಯಾಕ್ (ವ್ಯವಹಾರದ ಬಗ್ಗೆ ಎಲ್ಲರಿಗೂ ಕಾಣುವ ಅಭಿಪ್ರಾಯ) ಬರೆಯುವುದುಂಟು. 2008ರಲ್ಲಿ ನಿಯಮ ಬದಲಾದಂದಿನಿಂದ ಮಾರಾಟಗಾರರು ಖರೀದಿದಾರರಿಗೆ ಋಣಾತ್ಮಕ ಅಥವಾ ತಟಸ್ಥ ಫೀಡ್‌ಬ್ಯಾಕ್ ಕೊಡುವಂತಿಲ್ಲವಾದ್ದರಿಂದ, ಅವರ ಪಾಲಿಗೆ ನಿಜವಾದ ರಕ್ಷಣೆ ಇರುವುದು ಆರ್ಡರನ್ನು ಸರಿಯಾದ ಕಾರಣ ನಮೂದಿಸಿ ರದ್ದುಪಡಿಸುವುದರಲ್ಲಿ.

ಹರಾಜು ಮುಗಿದ ಕೂಡಲೇ ಇನ್‌ವಾಯ್ಸ್ ಕಳುಹಿಸಿ, ಒಂದೆರಡು ದಿನ ಬಿಟ್ಟು ಸೌಜನ್ಯದ ಮಾತಿನಲ್ಲಿ ನೆನಪಿಸಿರಿ. ತಡವಾಗಿ ಪಾವತಿಸುವವರೆಲ್ಲ ಮೋಸಗಾರರಲ್ಲ. ಪಾವತಿಗೆಂದು ಕೊಟ್ಟಿರುವ 4 ದಿನಗಳು ಕಳೆದರೂ ಹಣ ಬಾರದಿದ್ದರೆ ಆರ್ಡರನ್ನು ರದ್ದುಪಡಿಸುವ ಹಕ್ಕು ನಿಮಗೆ ದೊರೆಯುತ್ತದೆ. ಆಗ ಖರೀದಿದಾರರು ಹಣ ಪಾವತಿಸಿಲ್ಲ ಎಂಬ ಕಾರಣವನ್ನೇ ಆರಿಸಬೇಕು. ಹೀಗೆ ರದ್ದಾದ ಆರ್ಡರಿಗೆ ಆ ಖರೀದಿದಾರರು ಫೀಡ್‌ಬ್ಯಾಕ್ ಬರೆಯಲಾಗದು. ಮೊದಲೇ ಬರೆದಿದ್ದರೆ ಅದನ್ನು ತೆಗೆಸಬಹುದು. ಪಾವತಿಸದ ದಾಖಲೆ ಅವರ ಖಾತೆಗೆ ಸೇರುತ್ತದೆ, ನಿಮ್ಮ ಮಾರಾಟ ಶುಲ್ಕವೂ ಮರಳಿ ಜಮೆಯಾಗುತ್ತದೆ.

ಬಹಳಷ್ಟು ಮಾರಾಟಗಾರರು ಎಡವುವುದು ಕಾರಣ ಆರಿಸುವ ಈ ಹಂತದಲ್ಲಿಯೇ. ವಸ್ತು ಲಭ್ಯವಿಲ್ಲವೆಂದು ಗುರುತಿಸಿದರೆ ತಪ್ಪು ಮಾರಾಟಗಾರರದೆಂದು ಎಣಿಕೆಯಾಗಿ ಇಬೇ ಅವರ ಖಾತೆಗೆ ಕೊಡುವ ದರ್ಜೆಗೇ ಪೆಟ್ಟು ಬೀಳುತ್ತದೆ. ಜಗಳ ಬೇಡವೆಂದು, ಖರೀದಿದಾರರೇ ರದ್ದತಿ ಕೇಳಿದರೆಂದು ನಮೂದಿಸಿದರೆ ಪಾವತಿಸದಿದ್ದುದರ ದಾಖಲೆಯೇ ಉಳಿಯದೆ, ಅದಕ್ಕೆ ಅಂಟಿಕೊಂಡ ರಕ್ಷಣೆಯೂ ಕೈತಪ್ಪುತ್ತದೆ. ಮರೆವಿನ ಭಯವಿರುವವರು ಪಾವತಿಯಾಗದ ಆರ್ಡರುಗಳು ತಾವಾಗಿಯೇ ರದ್ದಾಗುವಂತೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಖರೀದಿದಾರರೊಂದಿಗಿನ ಮಾತುಕತೆಯೆಲ್ಲ ಇಬೇ ಸಂದೇಶಗಳ ಒಳಗೇ ನಡೆಯಲಿ. ಹೆಚ್ಚುವರಿ ರಿಯಾಯಿತಿಯನ್ನೋ ಲಿಸ್ಟಿಂಗ್‌ನಲ್ಲಿ (ಮಾರಾಟದ ಜಾಹೀರಾತಿನಲ್ಲಿ) ಇಲ್ಲದ ವಸ್ತುವನ್ನೋ ಕೊಡದಿದ್ದರೆ ಕೆಟ್ಟ ಫೀಡ್‌ಬ್ಯಾಕ್ ಹಾಕುವುದಾಗಿ ಯಾರಾದರೂ ಬೆದರಿಸಿದರೆ ಅದು ನಿಯಮಬಾಹಿರ. ಆ ಸಂದೇಶವೇ ಸಾಕ್ಷಿಯಾಗುವುದರಿಂದ ಅದನ್ನು ಅಳಿಸದೆ ವರದಿ ಮಾಡಿರಿ. ಫೋನಿನಲ್ಲಿ ಆಡಿದ ಬೆದರಿಕೆಯನ್ನು ಸಾಬೀತುಪಡಿಸುವುದು ಕಷ್ಟ.

ಈ ರಕ್ಷಣೆಗೆ ನ್ಯಾಯವಾದ ಒಂದು ಮಿತಿಯೂ ಇದೆ. ಹಣ ಕೊಟ್ಟವರು ವಸ್ತುವಿನ ಬಗ್ಗೆ ದೂರಿದರೆ, ಪಾವತಿ ಎಷ್ಟೇ ತಡವಾಗಿದ್ದರೂ ಆ ಅಭಿಪ್ರಾಯ ಅವರ ಹಕ್ಕು. ಅದನ್ನು ಅಳಿಸಲು ಈ ದಾರಿ ಹಿಡಿಯಬಾರದು. ಅದರ ಕೆಳಗೆ ಶಾಂತವಾದ ಸಾರ್ವಜನಿಕ ಉತ್ತರ ಬರೆಯಬಹುದು.

ಪಾವತಿಸದ ದಾಖಲೆಗಳು ಹೆಚ್ಚಿರುವವರು ಬಿಡ್ ಮಾಡದಂತೆ ತಡೆಯುವ ಸೆಟ್ಟಿಂಗ್ ಇದೆ; ಒಬ್ಬೊಬ್ಬರನ್ನೇ ನಿರ್ಬಂಧಿಸುವ ಪಟ್ಟಿಯೂ ಇದೆ. ನಿಗದಿತ ಬೆಲೆಗೆ ಮಾರುವಾಗ ತಕ್ಷಣದ ಪಾವತಿಯನ್ನು ಕಡ್ಡಾಯ ಮಾಡಿದರೆ ಹಣ ಬರುವವರೆಗೂ ವಸ್ತು ಇತರರಿಗೂ ಲಭ್ಯವಿರುತ್ತದೆ. ಹರಾಜಿನ ಆರ್ಡರ್ ರದ್ದಾಗಿದ್ದರೆ, ವಸ್ತುವನ್ನು ಮತ್ತೆ ಹರಾಜಿಗಿಡುವ ಮೊದಲು ಎರಡನೇ ಸ್ಥಾನದಲ್ಲಿದ್ದ ಬಿಡ್ಡುದಾರರಿಗೆ, ಅವರು ಕೂಗಿದ್ದ ಬೆಲೆಗೇ ಕೊಡುವ ಪ್ರಸ್ತಾಪ ಕಳುಹಿಸಿ ನೋಡಿರಿ.