ಮೈದಾನ ಬಿಟ್ಟು ಮೆಟ್ಟಿಲು ಹಿಡಿದ ಧರಣಿ

ನಮ್ಮ ಓದಿನ ಶುಲ್ಕ ಏರಿಸಿದಾಗ ನಾವು ವಿದ್ಯಾರ್ಥಿಗಳು ಮೊದಲು ಕೂತದ್ದು ನಗರದ ದೊಡ್ಡ ಮೈದಾನದಲ್ಲಿ. ಜಾಗ ದೊಡ್ಡದಿದ್ದರೆ ಧರಣಿಯೂ ದೊಡ್ಡದಾಗಿ ಕಾಣುತ್ತೆ ಅಂದುಕೊಂಡಿದ್ದೆವು. ಬಂದವರು 150 ಜನ. ಆ ಬಯಲಲ್ಲಿ, ಮ್ಯಾಚ್ ರದ್ದಾಗಿದ್ದು ಗೊತ್ತಿಲ್ಲದೆ ಕಾದು ಕೂತವರ ಹಾಗೆ ಕಾಣುತ್ತಿದ್ದೆವು.

ಮಾರನೇ ದಿನ ನಾನೂ ಒಬ್ಬ ಗೆಳತಿಯೂ ನೋಟ್‌ಬುಕ್ ಹಿಡಿದು ಸುತ್ತಿದೆವು. ಜನ ಯಾವ ಹೊತ್ತಿಗೆ ಎಲ್ಲಿ ಜಾಸ್ತಿ ಓಡಾಡುತ್ತಾರೆ ಅಂತ ಬರೆದುಕೊಂಡೆವು. ಆಡಳಿತ ಕಚೇರಿಯ ಮೆಟ್ಟಿಲು ಸಿಕ್ಕಿದ್ದು ಹಾಗೆ. ಹಿಂದೆ ಕಚೇರಿ ಬಾಗಿಲು, ಮುಂದೆ ಬಸ್ಸು ಓಡಾಡುವ ಮುಖ್ಯ ರಸ್ತೆ. ಅದೇ 150 ಜನ ಅಲ್ಲಿ ಕೂತರೆ ಕಾಲಿಡೋಕೂ ಜಾಗ ಇಲ್ಲ.

ಸೀಮೆಸುಣ್ಣದಲ್ಲಿ ಮೊದಲು ಬರೆದದ್ದು ಘೋಷಣೆ ಅಲ್ಲ, ಎರಡು ಗೆರೆ. ನಡುವೆ ಇಬ್ಬರು ನಡೆಯುವಷ್ಟು ದಾರಿ, ಕೆಲಸಕ್ಕೆ ಬಂದವರು ಓಡಾಡಲಿ ಅಂತ. ಸಂಜೆಗೆ ಅಳಿಸಿಹೋಗುತ್ತಿತ್ತು, ಬೆಳಗ್ಗೆ ಮತ್ತೆ ಎಳೆಯುತ್ತಿದ್ದೆವು. ಒಂದು ದಿನ ತಡವಾಯಿತು. ಕಾವಲುಗಾರರೇ ಬಂದು "ಇವತ್ತು ಗೆರೆ ಎಳೀಲಿಲ್ವಾ?" ಅಂದರು. ಜಾಗ ನಮ್ಮದಾಯಿತು ಅಂತ ನನಗೆ ಅನ್ನಿಸಿದ್ದು ಆಗಲೇ.

ಇದೇನು ನಮ್ಮ ಹೊಸ ಉಪಾಯ ಅಲ್ಲ ಬಿಡಿ. 1964ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪ್ರೌಲ್ ಪ್ಲಾಜಾ ಅನ್ನೋ ಬಯಲಲ್ಲಿ ಹೋರಾಟಗಾರ ಜ್ಯಾಕ್ ವೈನ್‌ಬರ್ಗ್ ಅವರನ್ನು ಬಂಧಿಸಿ ಪೊಲೀಸ್ ಕಾರಿಗೆ ಹತ್ತಿಸಿದಾಗ, ವಿದ್ಯಾರ್ಥಿಗಳು ಕಾರಿನ ಸುತ್ತ ಕೂತುಬಿಟ್ಟರು. ಸುಮಾರು 32 ಗಂಟೆ ಕಾರು ಕದಲಲಿಲ್ಲ. ಅದರ ಚಾವಣಿಯೇ ವೇದಿಕೆಯಾಯಿತು. ವಿದ್ಯಾರ್ಥಿ ನಾಯಕ ಮಾರಿಯೋ ಸಾವಿಯೋ ಅದರ ಮೇಲೆ ಹತ್ತುವ ಮುಂಚೆ ಶೂ ಬಿಚ್ಚಿದ್ದರು! ಕೂರೋದೊಂದೇ ದಾರಿಯೂ ಅಲ್ಲ. 2011ರಲ್ಲಿ ಚಿಲಿಯ ವಿದ್ಯಾರ್ಥಿಗಳು ರಾಜಧಾನಿ ಸ್ಯಾಂಟಿಯಾಗೋದಲ್ಲಿ ಅಧ್ಯಕ್ಷರ ಕಚೇರಿಯಿರುವ ಲಾ ಮೊನೆಡಾ ಅರಮನೆಯ ಸುತ್ತ ಸರದಿ ಮೇಲೆ 1,800 ಗಂಟೆ ಓಡಿದರು.

ನಮಗೆ ಕಷ್ಟವಾದದ್ದು ರಾತ್ರಿ. ಹಗಲು ಗಿಜಿಗಿಜಿ, ಕತ್ತಲಾದರೆ ಹತ್ತು ಜನ. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ಸರಿ, ಕಚೇರಿಯ ಹೊರದೀಪದ ಕೆಳಗೇ ಪುಸ್ತಕ ಹಿಡಿದು ಕೂತೆವು. ಧರಣಿ ಕಡೆ ತಲೆ ಹಾಕದಿದ್ದವರೂ ಓದೋಕೆ ಅಂತ ಬರತೊಡಗಿದರು. ಮೈಕಿನಲ್ಲಿ ಕೂಗಿದ್ದಕ್ಕಿಂತ ಅದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಹನ್ನೊಂದನೇ ರಾತ್ರಿ ದೀಪ ಆರಿಸಿದರು. ಎಲ್ಲರೂ ಮೊಬೈಲ್ ಟಾರ್ಚ್ ಹಾಕಿದೆವು, ಬಸ್ಸಿನವರೆಲ್ಲ ಬಗ್ಗಿ ಬಗ್ಗಿ ನೋಡಿದರು.

ಶುಲ್ಕ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. ಈಗ ಆ ಮೆಟ್ಟಿಲ ಮೇಲೆ ಯಾರೂ ಕೂರದ ಹಾಗೆ ಸಾಲಾಗಿ ಹೂಕುಂಡ ಇಟ್ಟಿದ್ದಾರೆ. ಮೊನ್ನೆ ಹೋಗಿ ನೋಡಿದೆ. ನಡುವೆ ಇಬ್ಬರು ನಡೆಯುವಷ್ಟು ದಾರಿ ಬಿಟ್ಟಿದ್ದಾರೆ, ನಾವು ಗೆರೆ ಎಳೆಯುತ್ತಿದ್ದ ಕಡೆಯೇ.