ಯೆಜ್ಡಿ ಇಂಜಿನ್‌ಗೆ ಮನೆಯಲ್ಲೇ ವೇಪರ್ ಬ್ಲಾಸ್ಟಿಂಗ್: ನನ್ನ ಅನುಭವ

ವೇಪರ್ ಬ್ಲಾಸ್ಟಿಂಗ್ ಅಂದರೆ ಸಣ್ಣ ಗಾಜಿನ ಮಣಿ ಬೆರೆಸಿದ ನೀರನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಲೋಹವನ್ನು ಶುಚಿ ಮಾಡೋದು. ಇದರ ಮಷಿನ್ ಮನೇಲಿ ಮಾಡೋದು ಆಗದ ಮಾತು ಅಂತ ಮೈಸೂರಿನ ನಮ್ಮ ಜಾವಾ-ಯೆಜ್ಡಿ ಹಳೇ ಬೈಕಿನ ಬಳಗದಲ್ಲಿ ಹೇಳದವರಿಲ್ಲ. ಈಗ ಅವರೇ ಇಂಜಿನ್ ಕೇಸು (ಇಂಜಿನ್ನಿನ ಹೊರಗವಚ) ಹಿಡಿದುಕೊಂಡು ಬರುತ್ತಿದ್ದಾರೆ.

ಮೊದಲು ಒಂದು ಕಡೆ ಮರಳು ಬ್ಲಾಸ್ಟಿಂಗಿಗೆ ಕೊಟ್ಟಿದ್ದೆ. ಕೇಸು ಬೆಳ್ಳಗೇನೋ ಬಂತು, ಆದರೆ ಮೈಯೆಲ್ಲ ತರಿತರಿ. ಆಯಿಲ್ ತಾಗಿದ ಕಡೆ ಕೂತ ಕಪ್ಪು ಕಲೆ ಹೋಗಲೇ ಇಲ್ಲ. ಬೇರಿಂಗ್ ಕೂರುವ ಜಾಗಕ್ಕೂ ಮರಳು ಹೊಡೆದಿದ್ದರು! ಯೆಜ್ಡಿ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಇಂಜಿನ್ ನಂಬರ್ ಇರೋದು ಕೇಸಿನ ಮೇಲೇ. ಇನ್ನೊಂದು ಜೋಡಿ ಹುಡುಕಿ ಹಾಕೋದು ಸುಲಭದ ಕೆಲಸ ಅಲ್ಲ.

ಹಾಗಾಗಿ ನಾನೇ ಮಷಿನ್ ಮಾಡಲು ಕೂತೆ. ಭಾಗ ಇಟ್ಟು ಹೊಡೆಯೋ ಮುಚ್ಚಿದ ಪೆಟ್ಟಿಗೆ (ಕ್ಯಾಬಿನೆಟ್ಟು), ನೀರು-ಮಣಿ ಚಿಮ್ಮಿಸೋ ಗನ್ನು ಇವು ಕಷ್ಟ ಕೊಡಲಿಲ್ಲ. ನನ್ನ ದುಡ್ಡು ತಿಂದಿದ್ದು ಪಂಪು. ಕೂಲರ್ ಪಂಪು ಒಂದೇ ಸಂಜೆಗೆ ಜಾಮ್. ಅರ್ಧ ಎಚ್‌ಪಿ ಮನೆ ಪಂಪಿನ ಸೀಲನ್ನು ಗಾಜಿನ ಮಣಿ ಸವೆಸಿ, ಶಾಫ್ಟಿನ ಸುತ್ತ ನೀರು ಸೋರತೊಡಗಿತು. ಇದಕ್ಕೇ ಹತ್ತು-ಹನ್ನೆರಡು ಸಾವಿರ ಹೋಯಿತು. ಕೊನೆಗೆ ಗೆದ್ದಿದ್ದು ಕೆಸರು ನೀರು ಎತ್ತುವ ಉದ್ದ ಶಾಫ್ಟಿನ ಪಂಪು. ಮೋಟಾರು ಮೇಲೆ, ಇಂಪೆಲ್ಲರ್ ಕೆಳಗೆ, ನೀರೊಳಗೆ ಸೀಲೇ ಇಲ್ಲ. ಅದರಿಂದ ಒಂದು ಲೈನ್ ವಾಪಸ್ ಹಾಪರಿಗೆ, ಅಂದರೆ ನೀರು-ಮಣಿ ತುಂಬಿದ ತಳದ ತೊಟ್ಟಿಗೆ ಬಿಟ್ಟೆ. ಮಣಿ ತಳದಲ್ಲಿ ಕೂರೋದು ಅಲ್ಲಿಗೆ ನಿಂತಿತು. 5 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಸೇರಿ ಒಟ್ಟು ಅರವತ್ತೈದು-ಎಪ್ಪತ್ತು ಸಾವಿರ ಆಗಿರಬಹುದು.

ಗಾಳಿಯ ಒತ್ತಡ 70-80 ಪಿಎಸ್‌ಐ ಸಾಕು. ಜಾಸ್ತಿ ಕೊಟ್ಟರೆ ಮಣಿ ಬೇಗ ಪುಡಿಯಾಗುತ್ತೆ, ಅಷ್ಟೇ. ಗನ್ನು ಓರೆಯಾಗಿ ಹಿಡಿದು ನಿಧಾನ ಸರಿಸಿದರೆ ಹೆಡ್ಡಿನ ಫಿನ್ನುಗಳ ಸಂದಿಯಿಂದ ಹಳೇ ಮಸಿ ಜಾರಿ, ಕೆಳಗೆ ತಿಳಿ ಬೂದು ಅಲ್ಯೂಮಿನಿಯಂ ಕಾಣುತ್ತೆ. ಎರಕದ ಗೆರೆ ಕೂಡ ಹಾಗೇ ಉಳಿದಿರುತ್ತೆ. ಬಟ್ಟೆಯ ಚಕ್ರದಲ್ಲಿ ಉಜ್ಜಿ ಹೊಳಪು ಕೊಡೋ ಬಫಿಂಗ್‌ನಲ್ಲಿ ಇದು ಸಿಗಲ್ಲ. ಕ್ಲಚ್ ಕವರನ್ನು ಮಾತ್ರ ಇದರಲ್ಲಿ ಮುಗಿಸಬೇಡಿ. ಅದು ಹುಟ್ಟಿನಿಂದ ಪಾಲಿಷಿನದು, ಬಫ್ ಮಾಡಿದರೇ ಅದಕ್ಕೆ ಕಳೆ.

ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಬೀಳುತ್ತೆ. ನಾನು ಮಳೆನೀರು ಹಿಡಿದಿಟ್ಟು ಬಳಸುತ್ತೇನೆ. ಅದಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ, ಹೊಳಪಿನ ಗುಟ್ಟು ಅದರಲ್ಲೇ ಇದೆ. ಅದನ್ನು ಸದ್ಯಕ್ಕೆ ಹೇಳಲ್ಲ. ಬ್ಲಾಕು (ಪಿಸ್ಟನ್ ಓಡಾಡೋ ಸಿಲಿಂಡರ್) ಬೀಡು ಕಬ್ಬಿಣ, ತೆಗೆದ ಕೂಡಲೇ ಗಾಳಿ ಹೊಡೆದು ಎಣ್ಣೆ ಸವರದಿದ್ದರೆ ನೋಡ್ತಾ ನೋಡ್ತಾ ತುಕ್ಕು.

ನಡುವೆ ಪಿಸ್ಟನ್ ಮೇಲಿನ ಕಾರ್ಬನ್ನಿಗೆ ಕಡಲೆಕಾಯಿ ಸಿಪ್ಪೆ ಪುಡಿ ಒಣದಾಗಿ ಹೊಡೆದು ನೋಡಿದೆ. ಒಂದು ಗೀರೂ ಬೀಳಲಿಲ್ಲ, ಆದರೆ ಕಾರ್ಬನ್ ಅರ್ಧ ಮಾತ್ರ ಬಿಟ್ಟಿತು. ಇನ್ನೂ ಸಣ್ಣಗೆ ಜರಡಿ ಹಿಡಿದು ಮತ್ತೆ ನೋಡಬೇಕು.

ಬ್ಲಾಸ್ಟಿಂಗಿಗೆ ಮೊದಲು, ಮಣಿ ತಾಗದಂತೆ, ಬೇರಿಂಗ್ ಜಾಗಗಳಿಗೆ ಲೇತಿನಲ್ಲಿ ನೈಲಾನ್ ಬುಶ್ ಮಾಡಿಸಿ ಬಡಿದು ಕೂರಿಸಿ. ಬ್ಲಾಸ್ಟಿಂಗ್ ಆದ ಮೇಲೆ ಬೋಲ್ಟಿನ ಪ್ರತಿ ಥ್ರೆಡ್ಡಿಗೂ ಟ್ಯಾಪ್ (ಥ್ರೆಡ್ ಕೊರೆಯೋ ಉಪಕರಣ) ಓಡಿಸಿ, ಆಯಿಲ್ ತೂತುಗಳಿಗೆ ಬಿಸಿನೀರು, ಗಾಳಿ, ಮತ್ತೆ ಬಿಸಿನೀರು. ಬೆರಳಿಗೆ ಒಂದು ಕಾಳು ತಾಗಿದರೂ ಇಂಜಿನ್ ಕೂಡಿಸಬೇಡಿ.