ಅಮೆರಿಕದ ಸಣ್ಣ ಊರಿನಲ್ಲಿ ಮನೆ ಮಾಡುವ ಮುನ್ನ: ಅಪರಾಧದ ಅಂಕಿಗಳನ್ನು ಓದುವ ಬಗೆ

ಕಾಸರಗೋಡಿನ ಕಡೆಯಿಂದ ನ್ಯೂಜೆರ್ಸಿಗೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಬಾಡಿಗೆ, ಶಾಲೆ, ರೈಲು ನಿಲ್ದಾಣದ ದೂರ ಇವನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಎಡವುವುದು ‘ಆ ಊರು ಸುರಕ್ಷಿತವೇ?’ ಎಂದು ಹುಡುಕಲು ಹೊರಟಾಗ. ಅಲ್ಲಿ ಬಹಳ ವರ್ಷ ಇದ್ದು ಈಗ ಬದಿಯಡ್ಕಕ್ಕೆ ಮರಳಿರುವ ನನಗೆ ಇದೇ ವಿಷಯದಲ್ಲಿ ಕರೆಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಕೈಯಿಂದ ಹಣ ಹೋದ ಮೇಲೆ ಬರುವಂಥವು.

ಪೆರ್ಲದ ಒಂದು ದಂಪತಿಯ ಕಥೆ ಕೇಳಿ. ಸುಮಾರು 8,000 ಜನರಿರುವ ಊರಿನಲ್ಲಿ ಮನೆ ಮಾಡಿದ್ದರು. ಪೆರ್ಲದಲ್ಲಿ ಕುಳಿತ ತಂದೆಯವರು ಮೊಬೈಲಿನಲ್ಲಿ ಆ ಊರಿನ ಹೆಸರು ಹುಡುಕಿದರು. ‘ಹಿಂಸಾತ್ಮಕ ಅಪರಾಧ ಒಂದೇ ವರ್ಷದಲ್ಲಿ ಶೇ. 125 ಏರಿಕೆ’ ಎಂದು ಒಂದು ಜಾಲತಾಣ ಕೆಂಪು ಅಕ್ಷರಗಳಲ್ಲಿ ತೋರಿಸಿತು. ರಾತ್ರಿಯಿಡೀ ಫೋನು. ಮಗ ಬಾಡಿಗೆ ಕರಾರನ್ನು ಅವಧಿಗೆ ಮೊದಲೇ ಮುರಿದ, ಎರಡು ತಿಂಗಳ ಬಾಡಿಗೆಯನ್ನು ದಂಡವಾಗಿ ಕಟ್ಟಿದ.

ಆ ಶೇ. 125 ಎಂದರೇನು? ಹಿಂದಿನ ವರ್ಷ ನಾಲ್ಕು ಪ್ರಕರಣ, ಮರುವರ್ಷ ಒಂಬತ್ತು. ಠಾಣೆಯಲ್ಲಿ ವಿಚಾರಿಸಿದಾಗ ಉಳಿದದ್ದೂ ತಿಳಿಯಿತು. ಅಲ್ಲಿನ ಲೆಕ್ಕದಲ್ಲಿ ದರೋಡೆಯನ್ನು ಘಟನೆಗೆ ಒಂದರಂತೆಯೂ ಗಂಭೀರ ಹಲ್ಲೆಯನ್ನು ಪೆಟ್ಟು ತಿಂದವರ ತಲೆಗೆ ಒಂದರಂತೆಯೂ ಎಣಿಸುತ್ತಾರೆ. ಹೆಚ್ಚಿದ ಐದೂ ಪ್ರಕರಣಗಳು ಒಂದೇ ರಾತ್ರಿ, ಒಂದೇ ವಾಹನ ನಿಲ್ದಾಣದಲ್ಲಿ ಪರಿಚಯಸ್ಥರ ನಡುವೆ ನಡೆದ ಹೊಡೆದಾಟದವು! ಒಂದು ಲಕ್ಷ ಜನರಿಗೆ ಲೆಕ್ಕ ಹಾಕಿದರೆ ದರ 50ರಿಂದ 112ಕ್ಕೆ ಏರಿತ್ತು, ನಿಜ. ಆದರೆ ಅಮೆರಿಕದ ಸರಾಸರಿಯೇ 2022ರಲ್ಲಿ 380ರ ಆಸುಪಾಸಿನಲ್ಲಿತ್ತು ಎಂಬುದನ್ನು ಆ ಕೆಂಪು ಅಕ್ಷರಗಳು ಹೇಳಿರಲಿಲ್ಲ.

ಕೊಲೆಯ ವಿಷಯದಲ್ಲಂತೂ ಈ ದರ ಇನ್ನೂ ಮೋಸ ಮಾಡುತ್ತದೆ. 8,000 ಜನರ ಊರಿನಲ್ಲಿ ಒಂದು ಕೊಲೆಯಾದರೆ ಆ ವರ್ಷದ ದರ 12.5. ಕೊಲೆಗಳು ಸುಮಾರು ಶೇ. 30ರಷ್ಟು ಏರಿದ 2020ರಲ್ಲೂ ಇಡೀ ದೇಶದ ದರ 7 ದಾಟಿರಲಿಲ್ಲ. ಮರುವರ್ಷ ಕೊಲೆ ನಡೆಯದಿದ್ದರೆ ದರ ಸೊನ್ನೆ. ಸಣ್ಣ ಊರಿನಲ್ಲಿ ಶೇಕಡಾವಾರನ್ನು ನೋಡಲೇಬೇಡಿ. ಪ್ರಕರಣಗಳ ಸಂಖ್ಯೆಯನ್ನೇ ನೋಡಿ, ಅದೂ ಐದೈದು ವರ್ಷಗಳದ್ದನ್ನು ಕೂಡಿಸಿ ಹೋಲಿಸಿ.

ಆ ದಂಪತಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಹೆಚ್ಚು ಬಾಡಿಗೆ ಕೊಟ್ಟು ಹೋದ ಪಕ್ಕದ ಊರಿನಲ್ಲಿ 2021ರ ಅಂಕಿ ಸೊನ್ನೆ ಎಂದಿತ್ತು. ದೇಶದ ಅಪರಾಧದ ಅಂಕಿಗಳನ್ನು ಒಟ್ಟುಗೂಡಿಸುವ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2021ರ ಜನವರಿಯಲ್ಲಿ ಹಳೆಯ ಎಣಿಕೆ ಕ್ರಮವನ್ನು ಕೈಬಿಟ್ಟು ಎನ್‌ಐಬಿಆರ್‌ಎಸ್ ಎಂಬ ಹೊಸ ಕ್ರಮಕ್ಕೆ ಬದಲಾಯಿತು. ಆ ವರ್ಷ ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳ ಪೊಲೀಸರೂ ಸೇರಿ ಸಾವಿರಾರು ಠಾಣೆಗಳು ಅಂಕಿಗಳನ್ನು ಕಳುಹಿಸಲಿಲ್ಲ. ಪಕ್ಕದ ಊರಿನವರೂ ಕಳುಹಿಸಿರಲಿಲ್ಲ. ಅಲ್ಲಿ ಅಪರಾಧ ನಡೆದಿರಲಿಲ್ಲ ಎಂದಲ್ಲ, ಲೆಕ್ಕವೇ ಹೋಗಿರಲಿಲ್ಲ. ಸೊನ್ನೆ ಕಂಡಾಗ ಹೆಚ್ಚು ಎಚ್ಚರ ಬೇಕು. ಹಾಗೆಯೇ 2013ರಲ್ಲಿ ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿದ್ದರಿಂದ ಅದರ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ವಿಳಾಸವನ್ನೂ ನಂಬಬೇಡಿ. ನ್ಯೂಜೆರ್ಸಿಯಲ್ಲಿ 564 ಸ್ಥಳೀಯ ಆಡಳಿತಗಳಿವೆ, ಅಂಚೆ ವಿಳಾಸದ ಊರಿಗೂ ಆಡಳಿತದ ಊರಿಗೂ ಹಲವೆಡೆ ತಾಳೆಯಾಗುವುದಿಲ್ಲ. ಪ್ಲೇನ್ಸ್‌ಬರೋದ ಕೆಲವು ಮನೆಗಳ ವಿಳಾಸದಲ್ಲಿ ಪ್ರಿನ್ಸ್‌ಟನ್ ಎಂದಿರುತ್ತದೆ. ಫ್ರಾಂಕ್ಲಿನ್, ವಾಷಿಂಗ್ಟನ್ ಹೆಸರಿನ ಟೌನ್‌ಶಿಪ್‌ಗಳಂತೂ (ಇವೂ ಸ್ಥಳೀಯ ಆಡಳಿತಗಳೇ) ಬೇರೆ ಬೇರೆ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳಲ್ಲಿ, ಇವೆ. ತೆರಿಗೆ ಯಾವ ಊರಿಗೆ ಸಲ್ಲುತ್ತದೆ ಎಂದು ಮನೆಯ ಮಾಲೀಕರನ್ನು ಕೇಳಿ, ಆ ಊರಿನ ಅಂಕಿಯನ್ನಷ್ಟೇ ತೆಗೆಯಿರಿ.

ದಲ್ಲಾಳಿಯನ್ನು ಕೇಳಿ ಪ್ರಯೋಜನವಿಲ್ಲ. 1968ರ ವಸತಿ ಕಾನೂನು ಜನಾಂಗ, ಧರ್ಮ ನೋಡಿ ಗಿರಾಕಿಗಳನ್ನು ಒಂದು ಬಡಾವಣೆಯತ್ತ ತಿರುಗಿಸುವುದನ್ನು ನಿಷೇಧಿಸಿದೆ. ಆ ಆರೋಪಕ್ಕೆ ಹೆದರಿ ಅವರು ‘ಸುರಕ್ಷಿತ’ ಎಂಬ ಮಾತನ್ನೇ ಆಡುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಎಂದು ಸಂಶಯಪಡಬೇಡಿ. ಬಹಳ ಹಿಂದೆ ಹೋಗಿ ನೆಲೆಸಿದ ನಮ್ಮವರ ಮಾತನ್ನೂ ತೂಗಿ ನೋಡಿ. 1991ರಲ್ಲಿ ದೇಶದ ಹಿಂಸಾತ್ಮಕ ಅಪರಾಧದ ದರ ಲಕ್ಷಕ್ಕೆ 758 ಇತ್ತು, ಈಗ ಅದರ ಅರ್ಧ. ಅವರ ಮನಸ್ಸಿನಲ್ಲಿರುವುದು ಆ ಕಾಲದ ಊರು.

ಇನ್ನೊಂದು ಎಚ್ಚರಿಕೆ. ಹಿಂಸಾತ್ಮಕ ಅಪರಾಧ ಎಂಬ ತಲೆಬರಹದಡಿ ಬರುವುದು ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆ ಮಾತ್ರ. ಯಾರೂ ಇಲ್ಲದ ಹೊತ್ತಿನಲ್ಲಿ ಮನೆಗೆ ನುಗ್ಗಿ ಬಂಗಾರ ಒಯ್ದರೆ ಅದು ಆಸ್ತಿ ಅಪರಾಧದ ಪಟ್ಟಿಗೆ ಸೇರುತ್ತದೆ. ಭಾರತೀಯರ ಮನೆಗಳಲ್ಲಿ ಚಿನ್ನವಿರುತ್ತದೆ ಎಂದು ತಿಳಿದೇ ಕಳ್ಳರು ಬರುತ್ತಾರೆ. ಮದುವೆಯ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಡಿ, ಆ ಇನ್ನೊಂದು ಪಟ್ಟಿಯನ್ನೂ ಓದಿ.

ಭಾರತದ ಅಪರಾಧದ ಅಂಕಿಗಳನ್ನು ಪ್ರಕಟಿಸುವ ಎನ್‌ಸಿಆರ್‌ಬಿಯ ವರದಿ ಬಂದಾಗ ಮಂಗಳೂರಿನ ನೆಂಟರು ‘ನಿಮ್ಮ ಕೇರಳದ್ದೇ ಅಪರಾಧ ಜಾಸ್ತಿ’ ಎನ್ನುತ್ತಾರೆ, ‘ಇಲ್ಲಿ ದೂರು ಕೊಟ್ಟರೆ ದಾಖಲಾಗುತ್ತದೆ, ಅದಕ್ಕೇ ಸಂಖ್ಯೆ ಹೆಚ್ಚು’ ಎಂದು ನಾವು ಉತ್ತರಿಸುತ್ತೇವೆ. ಅಷ್ಟು ಬಲ್ಲವರು ವಿಮಾನ ಹತ್ತಿದೊಡನೆ ಅದನ್ನು ಮರೆಯುವುದು ನನಗೆ ಬೇಸರದ ವಿಷಯ. ಸಣ್ಣ ಊರಿನದೇ ಲೆಕ್ಕವನ್ನು ವರ್ಷಗಟ್ಟಲೆ ಹಿಂದಿನಿಂದ ತೆರೆದಿಡುವುದರಲ್ಲಿ ಅಮೆರಿಕದ್ದೇ ಉತ್ತಮ ವ್ಯವಸ್ಥೆ. ನಮ್ಮಲ್ಲಿ ಎನ್‌ಸಿಆರ್‌ಬಿ ಅಂಕಿ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ, ಎಣ್ಮಕಜೆಯಂಥ, ಕುಂಬ್ಡಾಜೆಯಂಥ ನಮ್ಮ ಪಂಚಾಯತಿಗಳಿಗೆ ಬೇರೆ ಸಿಗುವುದಿಲ್ಲ. ಆದರೆ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂಬ ಸುಪ್ರೀಂ ಕೋರ್ಟಿನ 2016ರ ಆದೇಶ ನಮ್ಮದು. ಒಂದೊಂದು ಪ್ರಕರಣದ ವಿವರ ತಿಳಿಯಲು ನಮ್ಮದೇ ಸುಲಭ.

ಎಫ್‌ಬಿಐನ ‘ಕ್ರೈಮ್ ಡೇಟಾ ಎಕ್ಸ್‌ಪ್ಲೋರರ್’ ತಾಣದಲ್ಲಿ ಠಾಣೆಯ ಹೆಸರಿನಿಂದಲೇ ಹುಡುಕಬಹುದು, ಹಣ ಕೊಡಬೇಕಾಗಿಲ್ಲ. ಯಾವುದಾದರೂ ವರ್ಷ ಖಾಲಿ ಕಂಡರೆ ಆ ಟೌನ್‌ಶಿಪ್ ಕಚೇರಿಗೆ ಓಪ್ರಾ ಕಾಯಿದೆಯಡಿ, ಅಂದರೆ ನ್ಯೂಜೆರ್ಸಿಯ ಮಾಹಿತಿ ಹಕ್ಕಿನಡಿ, ಅರ್ಜಿ ಹಾಕಿ. ಕರಾರಿಗೆ ಸಹಿ ಹಾಕುವ ಮೊದಲೇ ಹಾಕಿ, ಉತ್ತರ ಬರಲು ಕೆಲವು ದಿನ ಬೇಕಾಗುತ್ತದೆ.